ಗುಡ್ ಎಂಬ ಬೈಗುಳ

ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆ ಪುಸ್ತಕದ ರಾಶಿ ಎಷ್ಟೇ ಸಲ ಬದಲಾಗಲಿ, ಮೂರು ಪುಸ್ತಕ ಮಾತ್ರ ಕದಲುವುದಿಲ್ಲ. ಒಂದು ರೆನ್ ಅಂಡ್ ಮಾರ್ಟಿನ್ ಗ್ರಾಮರ್. ಇನ್ನೊಂದು ರ್‍ಯಾಪಿಡೆಕ್ಸ್. ಮೂರನೆಯದು ನಾರ್ಮನ್ ಲೂಯಿಸ್ ಬರೆದ ‘ವರ್ಡ್ ಪವರ್ ಮೇಡ್ ಈಸಿ’. ಮೊದಲನೆಯದು ನಿಮ್ಮ ವಾಕ್ಯ ತಿದ್ದುತ್ತದೆ, ಎರಡನೆಯದು ನಿಮ್ಮ ಬಾಯಿ ಬಿಡಿಸುತ್ತದೆ. ಮೂರನೆಯದು ಕೈಗೆ ಬಂದ ದಿನದಿಂದ ನೀವು ಪಕ್ಕದವನ ಗುಣ ಅಳೆಯಲು ಶುರು ಮಾಡುತ್ತೀರಿ. ಅಪಾಯ ಇರುವುದು ಅಲ್ಲೇ.

1949ರಲ್ಲಿ ಅಮೆರಿಕದಲ್ಲಿ ಅಚ್ಚಾದ ಈ ಪುಸ್ತಕ ಇಂದಿಗೂ ನಮ್ಮ ಕೋಚಿಂಗ್ ಸೆಂಟರುಗಳ ಮನೆದೇವರು. ಪದಗಳನ್ನು ಅಕಾರಾದಿಯಲ್ಲಿ ಸುರಿಯದೆ ಗುಂಪು ಮಾಡಿ, ಲ್ಯಾಟಿನ್ ಗ್ರೀಕ್ ಬೇರು ಹಿಡಿದು ಕಲಿಸಿದ್ದು ಲೂಯಿಸ್ ಜಾಣ್ಮೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಆರಂಭಿಸಿದ್ದು ಎಲ್ಲಿಂದ ನೋಡಿ. ಪದಪಾಠದ ಮೊದಲಿಗೇ ಹತ್ತು ಜನ ಸಾಲಾಗಿ ನಿಂತಿದ್ದಾರೆ: ಇಗೋಯಿಸ್ಟ್, ಇಗೋಟಿಸ್ಟ್, ಆಲ್ಟ್ರುಯಿಸ್ಟ್, ಇಂಟ್ರೋವರ್ಟ್, ಎಕ್ಸ್‌ಟ್ರೋವರ್ಟ್, ಆಂಬಿವರ್ಟ್, ಮಿಸಾಂತ್ರೋಪ್, ಮಿಸೋಜಿನಿಸ್ಟ್, ಮಿಸೋಗಮಿಸ್ಟ್, ಅಸೆಟಿಕ್. ಲೆಕ್ಕ ಹಾಕಿ. ತನ್ನದೇ ನೋಡಿಕೊಳ್ಳುವವನು ಒಬ್ಬ, ತನ್ನದೇ ಕೊಚ್ಚಿಕೊಳ್ಳುವವನು ಇನ್ನೊಬ್ಬ, ಮನುಷ್ಯಕುಲವನ್ನೇ ದ್ವೇಷಿಸುವವನು, ಹೆಂಗಸರನ್ನು ದ್ವೇಷಿಸುವವನು, ಮದುವೆಯನ್ನು ದ್ವೇಷಿಸುವವನು. ಪರೋಪಕಾರಿ ಇಡೀ ಸಾಲಿಗೆ ಒಬ್ಬನೇ. ಹತ್ತನೆಯವನು ವಿರಾಗಿ. ಉಳಿದ ಒಂಬತ್ತು ಮಂದಿಯ ಸಹವಾಸ ಮಾಡಿದ ಮೇಲೆ ಅವನು ಹಾಗಾಗಿರಬೇಕು.

ಮುಂದೆ ಹೋದರೆ ಸುಳ್ಳುಗಾರರಿಗೆಂದೇ ಮೀಸಲಾದ ಅಧ್ಯಾಯವಿದೆ. ಅಲ್ಲಿ ಸುಳ್ಳುಗಾರರು ಹತ್ತು ಬಗೆ. ಊರಿಗೆಲ್ಲ ಗೊತ್ತಿರುವ ಸುಳ್ಳುಗಾರ ನಟೋರಿಯಸ್. ಚುನಾವಣಾ ಪ್ರಣಾಳಿಕೆ ಬರೆಯುವವರನ್ನು ಇಲ್ಲಿ ಕೂರಿಸಬಹುದು. ಸುಳ್ಳನ್ನು ಕಲೆಯ ಮಟ್ಟಕ್ಕೆ ಏರಿಸಿದವನು ಕನ್ಸಮೇಟ್. ಪ್ರತಿ ವರ್ಷವೂ ‘ಬರೋ ಯುಗಾದಿಗೆ ಗೃಹಪ್ರವೇಶ ಇಟ್ಕೊಳ್ಳಿ ಸಾರ್’ ಎನ್ನುವ ಬಿಲ್ಡರ್. ಬಿಟ್ಟೂಬಿಡದೆ ಹೇಳುವವನು ಕ್ರಾನಿಕ್. ‘ಎಲ್ಲಾ ಆಯ್ತು, ಕಾಜಾ ಒಂದು ಬಾಕಿ, ನಾಳೆ ಬನ್ನಿ’ ಎನ್ನುವ ಟೈಲರ್. ಹೇಳುವಾಗ ನಾಲಿಗೆ ಎಲ್ಲೂ ತಡವರಿಸದವನು ಗ್ಲಿಬ್; ಮನೆಯಲ್ಲಿ ಟವೆಲ್ ಸುತ್ತಿಕೊಂಡು ನಿಂತೇ ‘ಸಿಲ್ಕ್ ಬೋರ್ಡ್ ದಾಟಿದೆ’ ಎಂದು ಫೋನಿನಲ್ಲಿ ಹೇಳುವ ನಾವೆಲ್ಲರೂ. ಸತ್ಯ ಯಾವುದು, ಸುಳ್ಳು ಯಾವುದು ಎಂಬುದೇ ತನಗೆ ತಿಳಿಯದವನು ಪ್ಯಾಥಲಾಜಿಕಲ್. ದೇವನಹಳ್ಳಿಯಿಂದ ಎರಡು ತಾಲ್ಲೂಕು ಆಚೆ ಕಲ್ಲು ನೆಟ್ಟು ‘ಏರ್‌ಪೋರ್ಟಿಗೆ ಹತ್ತೇ ನಿಮಿಷ’ ಎಂದು ಬೋರ್ಡ್ ಬರೆಸಿದವರು. ಎಷ್ಟು ಹೇಳಿದರೂ ಒಳಗೆ ಚುಚ್ಚದವನು ಅನ್‌ಕಾನ್ಷನಬಲ್. ಇದಕ್ಕೆ ಉದಾಹರಣೆ ಕೊಟ್ಟರೆ ಮಾನನಷ್ಟ ಮೊಕದ್ದಮೆ ಬೀಳುತ್ತದೆ, ಹೆಸರು ನೀವೇ ತುಂಬಿಕೊಳ್ಳಿ.

ಹೀಗೆ ಹೊಂದಿಸಿಕೊಂಡು ಕಲಿತಿದ್ದರೆ ಈ ಪುಸ್ತಕದಿಂದ ನಮಗೆ ಲಾಭವೇ ಆಗುತ್ತಿತ್ತು. ಮನುಷ್ಯನನ್ನು ನೋಡಿ ಪದ ಹುಡುಕುವುದು ಕೆಟ್ಟ ಅಭ್ಯಾಸವೇನಲ್ಲ. ನಾವು ಮಾಡಿಕೊಂಡಿರುವುದು ಇದರ ತಿರುವು ಮುರುವು. ನಮ್ಮಲ್ಲಿ ಮೊದಲು ಪದ ಬರುತ್ತದೆ, ಅದಕ್ಕೊಂದು ಫಾರಂ ಬರುತ್ತದೆ, ಫಾರಮ್ಮಿಗೆ ಕೊನೆಯ ದಿನಾಂಕ ಬರುತ್ತದೆ. ಮನುಷ್ಯ ಬಂದರೆ ಬಂದ, ಬಾರದಿದ್ದರೂ ಫಾರಂ ತುಂಬುತ್ತದೆ. ಮನುಷ್ಯನ ಗುಣ ಹೇಳುವ ಇಂಗ್ಲಿಷ್ ಪದಸಂಪತ್ತು ಈ ನಾಡಿನಲ್ಲಿ ಇಷ್ಟು ಬೆಳೆದಿರುವುದಕ್ಕೆ ಕಾರಣ ನಾವು ಜನರನ್ನು ಹೆಚ್ಚು ಗಮನಿಸುತ್ತಿದ್ದೇವೆ ಎಂದಲ್ಲ. ಗಮನಿಸದೆಯೇ ಬರೆಯುವುದು ಆ ಪದಗಳಿಂದ ಸುಲಭವಾಗಿದೆ.

ಕೋಚಿಂಗ್ ಓಣಿಗೆ ಬನ್ನಿ. ಬೆಂಗಳೂರಾದರೆ ವಿಜಯನಗರ, ಧಾರವಾಡವಾದರೆ ಸಪ್ತಾಪುರ. ಸಿಂಧನೂರು, ಹಿರೇಕೆರೂರು, ಪಾವಗಡದಿಂದ ಬಂದ ಹುಡುಗರು ಪಿಜಿ ರೂಮಿನ ಗೋಡೆಗೆ ಗುಣವಾಚಕಗಳ ಚಾರ್ಟ್ ಅಂಟಿಸಿಕೊಂಡು ಮಲಗುತ್ತಾರೆ. ಕೇಂದ್ರ ಸರ್ಕಾರದ ಎಸ್‌ಎಸ್‌ಸಿ ಪದವಿ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ತಪ್ಪಿದರೆ ಅರ್ಧ ಅಂಕ ಕಟ್. ಸಮಾನಾರ್ಥಕ, ವಿರುದ್ಧಾರ್ಥಕ, ಒಂದೇ ಪದದಲ್ಲಿ ಹೇಳಿರಿ. ನಿದ್ದೆಯಲ್ಲಿ ನಡೆಯುವವನು ಯಾರು? ಸ್ಟಾಂಪ್ ಕೂಡಿಡುವವನು ಯಾರು? ಮನುಷ್ಯರನ್ನು ಕಂಡರಾಗದವನು ಯಾರು? ಕೊನೆಯ ಪ್ರಶ್ನೆಗೆ ಉತ್ತರ ಬರೆದವನನ್ನೇ ಮುಂದೆ ಸಾರ್ವಜನಿಕರ ಕೌಂಟರಿಗೆ ಹಾಕುತ್ತಾರೆ.

ಇಷ್ಟು ಪದ ತಲೆಯಲ್ಲಿ ನಿಲ್ಲಬೇಕಲ್ಲ, ಅದಕ್ಕೆ ಮೇಷ್ಟ್ರುಗಳು ಟ್ರಿಕ್ ಹುಡುಕಿದ್ದಾರೆ. ಗ್ಯಾರುಲಸ್ ಎಂದರೆ ಗರಗಸ, ಕೂತಲ್ಲೇ ಕೊಯ್ಯುತ್ತಾನೆ. ಟ್ಯಾಸಿಟರ್ನ್ ಎಂದರೆ ಟ್ಯಾಕ್ಸಿ ಟರ್ನ್ ಮಾಡುವ ಡ್ರೈವರ್, ಬಾಯಿ ಬಿಡುವುದಿಲ್ಲ. ಲೆಥಾರ್ಜಿಕ್ ಎಂದರೆ ‘ಲೇ, ತರಕಾರಿ ತಾ’ ಎಂದು ಮೂರು ಸಲ ಕೂಗಿದರೂ ಏಳದವನು. ಸಿಕೋಫ್ಯಾಂಟ್ ಎಂದರೆ ಸೈಕೋ ಫ್ಯಾನ್. ಇದು ಮಾತ್ರ ಟ್ರಿಕ್ಕೋ ವಾಸ್ತವವೋ ಹೇಳುವುದು ಕಷ್ಟ; ಯಾವ ಪಕ್ಷದ ಕಚೇರಿಯ ಮುಂದೆ ನಿಂತು ನೋಡಿದರೂ ಅರ್ಥ ತಂತಾನೇ ಹೊಳೆಯುತ್ತದೆ. ಸಪ್ತಾಪುರದ ಒಂದು ತರಗತಿಯಲ್ಲಿ ಜಿಪುಣನ ಸರದಿ.

‘ಪಾರ್ಸಿಮೋನಿಯಸ್ ಅಂದ್ರ ಯಾರು? ಪರ್ಸ್ ಮನಿ ಅಸ್. ಪರ್ಸಿನ್ಯಾಗ ಮನಿ ಇದ್ರೂ ಬಿಚ್ಚದವ. ತಿಳೀತ?’

ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ‘ಸರ, ಪರ್ಸಿನ್ಯಾಗ ಮನಿ ಹೆಂಗ ಹಿಡೀತೈತ್ರಿ?’

‘ಲೇ ತಮ್ಮಾ, ಮನಿ ಅಂದ್ರ ರೊಕ್ಕಲೇ. ನಿಮ್ಮಪ್ಪನ ಮನಿ ಅಲ್ಲ. ಕುಂದ್ರ.’

ಹುಡುಗ ಕೂತ. ಪದ ಅವನಿಗೆ ಸಾಯುವ ತನಕ ಮರೆಯುವುದಿಲ್ಲ. ತಮಾಷೆ ಎಂದರೆ, ಆ ತಿಂಗಳ ಕೋಚಿಂಗ್ ಫೀಸಿಗೆ ಅವರಪ್ಪ ಯಾವ ಖರ್ಚು ನಿಲ್ಲಿಸಿದ, ಯಾರ ಹತ್ತಿರ ಕೈಗಡ ತಂದ ಎಂದು ಯಾವ ಮಾಕ್ ಟೆಸ್ಟಿನಲ್ಲೂ ಕೇಳುವುದಿಲ್ಲ. ಜಿಪುಣತನಕ್ಕೆ ಇಂಗ್ಲಿಷಿನಲ್ಲಿ ಏಳು ಪದ ಗೊತ್ತಿರುವ ಹುಡುಗನಿಗೆ ಬಡತನಕ್ಕೆ ಒಂದೇ ಗೊತ್ತು, ಅದೂ ಪರೀಕ್ಷೆಗೆ ಬರುವುದಿಲ್ಲ.

ಇಷ್ಟೆಲ್ಲ ಉರು ಹೊಡೆದು ಬ್ಯಾಂಕ್ ಪರೀಕ್ಷೆ ಪಾಸಾದವರಲ್ಲಿ ಒಬ್ಬರು ದೂರದ ರಾಜ್ಯದಿಂದ ನಮ್ಮ ಯಾವುದೋ ಹೋಬಳಿಯ ಬ್ಯಾಂಕಿಗೆ ಬಂದು ಕೂರುತ್ತಾರೆ. ಎದುರಿಗೆ ಪಾಸ್‌ಬುಕ್ ಹಿಡಿದ ಅಜ್ಜಿ. ವಿಧವಾ ವೇತನ ಬಂತೋ ಇಲ್ಲವೋ ನೋಡಪ್ಪ ಎನ್ನುತ್ತಾಳೆ. ಹಾಗೆಯೇ ಸೊಸೆಯ ವಿಷಯ, ಮೊಣಕಾಲಿನ ವಿಷಯ. ಅಧಿಕಾರಿಗೆ ಆಕೆ ಗ್ಯಾರುಲಸ್ ಎಂಬುದು ತಕ್ಷಣ ತಿಳಿಯುತ್ತದೆ. ಆಕೆ ಏನು ಕೇಳುತ್ತಿದ್ದಾಳೆ ಎಂಬುದು ಮಾತ್ರ ತಿಳಿಯುವುದಿಲ್ಲ. ಆಯ್ಕೆ ಮಾಡಿದ ಪರೀಕ್ಷೆಯ ದೃಷ್ಟಿಯಲ್ಲಿ ಅವರು ಅರ್ಹರೇ.

ಪದಗಳ ಈ ಗೋದಾಮು ಎಷ್ಟು ದೊಡ್ಡದು ಎಂದು ಒಮ್ಮೆ ಅಮೆರಿಕದವರೇ ಎಣಿಸಿ ನೋಡಿದ್ದುಂಟು. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ವೆಬ್‌ಸ್ಟರ್ ನಿಘಂಟನ್ನು ಹಿಡಿದು ಕೂತು, ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರೆ ಮಾಡಿ ತೋರಿಸುವ ಪದಗಳನ್ನೆಲ್ಲ ಹೆಕ್ಕಿದರು. ಸಿಕ್ಕಿದ್ದು 17,953. ಅವನ್ನು ನಾಲ್ಕು ಪಟ್ಟಿ ಮಾಡಿದರು. ನಿಜಕ್ಕೂ ಸ್ಥಿರವಾದ ಸ್ವಭಾವ ಹೇಳುವ ಪದಗಳು 4,504. ಇವತ್ತಿದ್ದು ನಾಳೆ ಹೋಗುವ ಮನಃಸ್ಥಿತಿ ಹೇಳುವವು 4,541. ಎಲ್ಲಕ್ಕಿಂತ ದೊಡ್ಡ ಪಟ್ಟಿ ಮೂರನೆಯದು, 5,226 ಪದಗಳದ್ದು. ಅವು ಎದುರಿನವನ ಸ್ವಭಾವ ಹೇಳುವ ಪದಗಳಲ್ಲ. ಅವನ ಬಗ್ಗೆ ನೋಡುವವರು ಕೊಟ್ಟ ತೀರ್ಪು. ಉಳಿದವು ಇತರೆ.

ಎರಡನೆಯ ಸಲ ಓದಿ ಅದನ್ನು. ಹೆಕ್ಕಿದ ಪದಗಳ ಅತಿ ದೊಡ್ಡ ಪಾಲು ಬಣ್ಣಿಸುವವನ ಮೆಚ್ಚುಗೆ, ಮುನಿಸು, ಹೊಟ್ಟೆಯುರಿ. ‘ಅವನು ಅಸಹನೀಯ’ ಎಂದರೆ ಸಹಿಸಲಾಗದೆ ಒದ್ದಾಡುತ್ತಿರುವವರು ನಾವು. ಅವನು ಆರಾಮಾಗಿ ಕಾಫಿ ಕುಡಿಯುತ್ತಿದ್ದಾನೆ. ಮುಂದಿನ ತಲೆಮಾರುಗಳ ಮನಃಶಾಸ್ತ್ರಜ್ಞರು ಆ ಸ್ವಭಾವದ ಪದಗಳನ್ನು ಸೋಸಿ ಸೋಸಿ ಕೊನೆಗೆ ಐದು ದೊಡ್ಡ ಗುಣಗಳಿಗೆ ಇಳಿಸಿದರು. ‘ಬಿಗ್ ಫೈವ್’ ಎನ್ನುತ್ತಾರೆ. ವಿಜ್ಞಾನಿಗಳು ಹದಿನೆಂಟು ಸಾವಿರವನ್ನು ಐದಕ್ಕೆ ತಂದರು. ನಮ್ಮ ಕೋಚಿಂಗ್‌ನವರು ಐದನ್ನು ಮತ್ತೆ ಹದಿನೆಂಟು ಸಾವಿರಕ್ಕೆ ಏರಿಸುವ ಕೆಲಸಕ್ಕೆ ತಿಂಗಳಿಗಿಷ್ಟು ಎಂದು ಫೀಸ್ ವಸೂಲು ಮಾಡುತ್ತಿದ್ದಾರೆ.

ಮೂರನೆಯ ಪಟ್ಟಿಯ ನಿಜವಾದ ಮಾರುಕಟ್ಟೆ ಇರುವುದು ನಮ್ಮ ಆಫೀಸುಗಳಲ್ಲಿ. ಮಾರ್ಚ್ ಬಂತೆಂದರೆ ಮಾನ್ಯತಾ ಟೆಕ್ ಪಾರ್ಕಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಅಪ್ರೈಸಲ್ ಹಬ್ಬ. ಹೊರಗಿನವರು ಭಾವಿಸುವುದೇನೆಂದರೆ, ಮ್ಯಾನೇಜರ್ ತನ್ನ ಕೈಕೆಳಗಿನವರ ವರ್ಷದ ಕೆಲಸ ನೆನೆದು, ತೂಗಿ, ಮಾತು ಬರೆದು, ಆಮೇಲೆ ರೇಟಿಂಗ್ ಕೊಡುತ್ತಾನೆ ಎಂದು. ಪಾಪ. ಬೆಲ್ ಕರ್ವ್ ಇರುವಲ್ಲಿ ಎಷ್ಟು ಜನ ಮೇಲೆ, ಎಷ್ಟು ಜನ ಕೆಳಗೆ ಎಂಬ ಪ್ರಮಾಣ ಮೊದಲೇ ಕೂತಿರುತ್ತದೆ. ಟೀಮಿನಲ್ಲಿ ಯಾರಾದರೂ ಒಬ್ಬರು ಕೆಳಗೆ ಬೀಳಲೇಬೇಕು. ಯಾರು ಎಂದು ನಿರ್ಧಾರವಾದ ಮೇಲೆ, ಅವರು ಯಾಕೆ ಬಿದ್ದರು ಎಂಬುದಕ್ಕೆ ಪದ ಹುಡುಕುವ ಕೆಲಸ. ಕೊನೆಯ ದಿನದ ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ್ ಲ್ಯಾಪ್‌ಟಾಪ್ ತೆರೆಯುತ್ತಾನೆ. ಹೋದ ವರ್ಷದ ಫೈಲಿನಿಂದ ಒಂದು ಪ್ಯಾರಾ ಕಾಪಿ, ಈ ವರ್ಷದ ಹೆಸರಿನ ಕೆಳಗೆ ಪೇಸ್ಟ್. ಮೀಸೆ ಹೊತ್ತ ನಲವತ್ತರ ಟೆಸ್ಟ್ ಲೀಡ್ ಮರುದಿನ ತನ್ನ ರಿವ್ಯೂ ತೆರೆದು ಓದುತ್ತಾನೆ: ಮೆಟರ್ನಿಟಿ ರಜೆಯ ನಂತರ ಆಕೆ ಅದ್ಭುತ ರೆಸಿಲಿಯನ್ಸ್ ತೋರಿಸಿದ್ದಾಳೆ. ಓದಿ ಸುಮ್ಮನಾಗುತ್ತಾನೆ. ತನ್ನ ಬಗ್ಗೆ ಬರೆದಿದ್ದರೆ ರೆಸಿಲಿಯನ್ಸ್ ಸಿಗುತ್ತಿರಲಿಲ್ಲ ಎಂದು ಅವನಿಗೆ ಗೊತ್ತು.

ಇಲ್ಲಿಯ ಪದಕೋಶಕ್ಕೆ ಅದರದೇ ವ್ಯಾಕರಣವಿದೆ. ಮೀಟಿಂಗಿನಲ್ಲಿ ಕಿರುಚುವವನು ನಮ್ಮ ಬಣದವನಾದರೆ ಅಸರ್ಟಿವ್, ಆ ಬಣದವನಾದರೆ ಅಗ್ರೆಸಿವ್, ಹೆಂಗಸಾದರೆ ಎಮೋಷನಲ್. ಹೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ಟೀಮ್ ಪ್ಲೇಯರ್. ಹೇಳಿದ್ದು ತಪ್ಪು ಎಂದು ತೋರಿಸಿಕೊಟ್ಟರೆ ರಿಜಿಡ್. ಶನಿವಾರವೂ ದುಡಿದರೆ ಕಮಿಟೆಡ್, ಶನಿವಾರ ದುಡಿದದ್ದಕ್ಕೆ ಸೋಮವಾರ ರಜೆ ಕೇಳಿದರೆ ಆಟಿಟ್ಯೂಡ್ ಇಶ್ಯೂ. ಇಡೀ ವರ್ಷ ಕೆಲಸವನ್ನೇ ಮಾಡುತ್ತ ಕೂತು ದೊಡ್ಡವರ ಮುಂದೆ ಪಿಪಿಟಿ ಹಾಕದವನಿಗೆ ‘ವಿಸಿಬಿಲಿಟಿ’ ಕಮ್ಮಿ. ಆರಡಿ ಎತ್ತರದವನಿಗೂ ಕಮ್ಮಿ. ಇವುಗಳಲ್ಲಿ ಒಂದನ್ನಾದರೂ ಕನ್ನಡದಲ್ಲಿ ಮುಖ ನೋಡಿ ಹೇಳಿಬಿಟ್ಟರೆ ಜಗಳ ಆಗುತ್ತದೆ, ಜಗಳದಲ್ಲಿ ‘ಯಾವತ್ತು, ಎಲ್ಲಿ, ಏನ್ ಮಾಡ್ದೆ ಹೇಳಿ’ ಎಂಬ ಪ್ರಶ್ನೆ ಬರುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ‘ಫೀಡ್‌ಬ್ಯಾಕ್’ ಎನ್ನಿಸಿಕೊಳ್ಳುತ್ತದೆ, ಕೆಳಗೆ ‘ಐ ಅಗ್ರೀ’ ಎಂಬ ಒಂದೇ ಗುಂಡಿ ಇರುತ್ತದೆ.

ಲೂಯಿಸ್ ಪುಸ್ತಕದಲ್ಲಿ ಶತ್ರುಗಳನ್ನು ಬಯ್ಯುವುದು ಹೇಗೆ ಎಂಬ ಅಧ್ಯಾಯವೂ ಇದೆ, ಸ್ನೇಹಿತರನ್ನು ಹೊಗಳುವುದು ಹೇಗೆ ಎಂಬ ಅಧ್ಯಾಯವೂ ಇದೆ. ಬೈಗುಳದ ಪಟ್ಟಿಯಲ್ಲಿ ನಾಸ್ತಿಕನನ್ನೂ ಮೂರ್ತಿಭಂಜಕನನ್ನೂ ಸೇರಿಸಿದ್ದಾರೆ. 1949ರ ಅಮೆರಿಕ, ಏನು ಮಾಡುವುದು. ನಮ್ಮಲ್ಲಿ ಸಾಹಿತಿಗಳ ಶತಮಾನೋತ್ಸವದ ಭಾಷಣಗಳಲ್ಲಿ ಮೂರ್ತಿಭಂಜಕ ಎನ್ನುವುದೇ ಹಾರ, ಶಾಲು, ಏಲಕ್ಕಿ ಮಾಲೆ. ಭಾಷಣ ಮುಗಿದ ಮೇಲೆ ಆ ಮೂರ್ತಿಭಂಜಕರದೇ ಒಂದು ಮೂರ್ತಿ ಸ್ಥಾಪಿಸಲು ಮನವಿ ಸಲ್ಲಿಸುತ್ತೇವೆ. ಅದಿರಲಿ.

ಸರ್ಕಾರಿ ಕಚೇರಿಯ ಮಾತಿಗೆ ಬಂದರೆ, ಅಲ್ಲಿ ಪದಗಳು ಕಡಿಮೆ, ಆದರೆ ಬೆಲೆ ಹೆಚ್ಚು. ಗೌಪ್ಯ ವರದಿ ಎಂಬುದೊಂದಿತ್ತು. ಮೇಲಧಿಕಾರಿ ಬರೆಯುತ್ತಿದ್ದ, ಕೆಳಗಿನವನಿಗೆ ಕೆಟ್ಟದ್ದಿದ್ದರೆ ಮಾತ್ರ ತಿಳಿಸುತ್ತಿದ್ದರು. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿದ್ದ ಒಬ್ಬ ಎಂಜಿನಿಯರಿಗೆ 1993-94ರ ಸಾಲಿನಲ್ಲಿ ‘ಗುಡ್’ ಎಂದು ಬರೆಯಲಾಗಿತ್ತು. ಗುಡ್ ಎಂದರೆ ಒಳ್ಳೆಯದಲ್ಲವೇ, ತಿಳಿಸುವುದೇನು ಬಂತು? ಇಲಾಖೆ ತಿಳಿಸಲಿಲ್ಲ. ಆದರೆ ಬಡ್ತಿಗೆ ಕಳೆದ ಐದು ವರ್ಷವೂ ‘ವೆರಿ ಗುಡ್’ ಇರಬೇಕೆಂಬ ನಿಯಮ. ಒಂದೇ ಒಂದು ವರ್ಷ ಬರೀ ಒಳ್ಳೆಯವರಾಗಿದ್ದಕ್ಕೆ ಅವರ ಬಡ್ತಿ ಹೋಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2008ರಲ್ಲಿ ತೀರ್ಪು ಬಂತು: ಬಡ್ತಿ ತಪ್ಪಿಸಿದ ಮೇಲೆ ‘ಗುಡ್’ ಕೂಡ ಪ್ರತಿಕೂಲ ಷರಾ ಆಗುತ್ತದೆ, ನೌಕರನ ಬಗ್ಗೆ ಬರೆದ ಪ್ರತಿಯೊಂದು ಷರಾವನ್ನೂ ಅವನಿಗೆ ತಿಳಿಸಬೇಕು.

ಇಂಗ್ಲಿಷ್ ಕಲಿಯುವ ಮಗು ಮೊದಲ ದಿನ ಕಲಿಯುವ ಗುಣವಾಚಕ ಗುಡ್. ಗುಡ್ ಬಾಯ್, ಗುಡ್ ಗರ್ಲ್. ಅದೇ ಪದ ಮೂವತ್ತು ವರ್ಷದ ನಂತರ ಅದರ ಬಡ್ತಿ ತಪ್ಪಿಸುತ್ತದೆ ಎಂದು ಯಾವ ಮಿಸ್ಸೂ ಹೇಳಿಕೊಡುವುದಿಲ್ಲ. ಗುಡ್ ಬೈಗುಳವಾದ ಮೇಲೆ ಹೊಗಳಿಕೆಗೆ ಏನು ಉಳಿಯಿತು? ವೆರಿ ಗುಡ್, ಅದರ ಮೇಲೆ ಔಟ್‌ಸ್ಟ್ಯಾಂಡಿಂಗ್. ವರದಿಯನ್ನು ನೌಕರನಿಗೆ ತೋರಿಸಲೇಬೇಕು ಎಂದಾದ ಮೇಲಂತೂ ಮೇಲಧಿಕಾರಿಗಳ ಹೃದಯ ವಿಶಾಲವಾಗಿದೆ. ಮುಚ್ಚಿದ ಲಕೋಟೆಯಲ್ಲಿ ಬರೆಯುವಾಗ ಇದ್ದ ಧೈರ್ಯ ಎದುರಿಗೆ ಕೂತವನ ಕೈಗೆ ಕೊಡುವಾಗ ಇರುವುದಿಲ್ಲವಲ್ಲ. ಪರಿಣಾಮವಾಗಿ ಕಚೇರಿಯ ತುಂಬ ಅಸಾಧಾರಣರೇ ತುಂಬಿದ್ದಾರೆ. ಅರ್ಜಿ ಮಾತ್ರ ಮೂರು ತಿಂಗಳಿಂದ ಅದೇ ಟೇಬಲಿನ ಮೇಲಿದೆ.

ಪ್ರಾಮಾಣಿಕತೆಗೆ ಪ್ರತ್ಯೇಕ ಕಾಲಂ ಉಂಟು. ಅಲ್ಲಿ ಬರೆಯುವ ಸಿದ್ಧ ಮಾತು ‘ಬಿಯಾಂಡ್ ಡೌಟ್’, ಸಂಶಯಾತೀತ. ಲೋಕಾಯುಕ್ತದವರು ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿ ಕಳಿಸುತ್ತಾರೆ, ಸಾಹೇಬರು ಎಣಿಸಿಕೊಳ್ಳುತ್ತಾರೆ, ಆಮೇಲೆ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬೆರಳು ಅದ್ದಿಸಿದರೆ ನೀರು ಗುಲಾಬಿಯಾಗುತ್ತದೆ. ಆ ಗಳಿಗೆಯಲ್ಲೂ ಒಳಗಿನ ಬೀರುವಿನಲ್ಲಿ ಸಾಹೇಬರ ಹಿಂದಿನ ಹತ್ತು ವರ್ಷದ ಪ್ರಾಮಾಣಿಕತೆ ಸಂಶಯಾತೀತವಾಗಿ ಕೂತಿರುತ್ತದೆ. ನೂರಾರು ಗುಣವಾಚಕ ಕಲಿತ ಆಡಳಿತ ಕೊನೆಗೆ ನಂಬುವುದು ನೀರಿನ ಬಣ್ಣವನ್ನು.

ಇದರ ಬೀಜ ಶಾಲೆಯಲ್ಲೇ ಬಿದ್ದಿರುತ್ತದೆ. ವರ್ಗಾವಣೆ ಪತ್ರದಲ್ಲಿ ‘ಗುಣ ಮತ್ತು ನಡತೆ’ ಎಂದೊಂದು ಸಾಲು, ಎದುರಿಗೆ ‘ತೃಪ್ತಿಕರ’. ಹುಡುಗಿಯರ ಜಡೆ ಬೆಂಚಿಗೆ ಕಟ್ಟಿದವನದೂ ತೃಪ್ತಿಕರ, ಬಿಡಿಸಿದವನದೂ ತೃಪ್ತಿಕರ. ಕೆಲವು ಕಡೆ ಅದನ್ನು ಮುದ್ರಿಸಿಯೇ ಇಟ್ಟಿರುತ್ತಾರೆ. ಹೆಸರು ಬರೆಯುವುದೊಂದೇ ಬಾಕಿ. ಮುಂದೆ ನೌಕರಿಗೆ ಹೋಗುವಾಗ ಗೆಜೆಟೆಡ್ ಅಧಿಕಾರಿಯ ನಡತೆ ಪ್ರಮಾಣಪತ್ರ ಬೇಕು. ಈ ವ್ಯಕ್ತಿಯನ್ನು ನಾನು ಇಷ್ಟು ವರ್ಷದಿಂದ ಬಲ್ಲೆ ಎಂದು ಆತ ಬರೆದುಕೊಡಬೇಕು. ‘ನಮ್ಮ ಪಕ್ಕದ ಬೀದಿ ಹುಡುಗ ಸಾರ್’ ಎಂದು ಜವಾನ ಪರಿಚಯಿಸುತ್ತಾನೆ, ಸಾಹೇಬರು ಮುಖ ಎತ್ತದೆ ಹಸಿರು ಇಂಕಿನಲ್ಲಿ ರುಜು ಹಾಕುತ್ತಾರೆ. ಎತ್ತಿದ್ದರೆ ಕನಿಷ್ಠ ಹುಡುಗನ ಮುಖವನ್ನಾದರೂ ಬಲ್ಲೆ ಎನ್ನಬಹುದಿತ್ತು.

ವಿದೇಶಕ್ಕೆ ಎಂಎಸ್ ಮಾಡಲು ಹೊರಟವರ ಶಿಫಾರಸು ಪತ್ರಗಳು ಈ ಪ್ರಕಾರದ ಮಹಾಕಾವ್ಯ. ಎಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ಬಳಿ ಹೋಗಿ ಎಲ್‌ಒಆರ್ ಬೇಕು ಎಂದರೆ ಉತ್ತರ ಒಂದೇ: ‘ನೀನೇ ಡ್ರಾಫ್ಟ್ ಮಾಡ್ಕೊಂಡ್ ಬಾರಪ್ಪ, ಸೈನ್ ಹಾಕ್ತೀನಿ.’ ಹುಡುಗ ರೂಮಿಗೆ ಬಂದು ಹೊಗಳಿಕೆಯ ಅಧ್ಯಾಯ ತೆರೆಯುತ್ತಾನೆ. ಪರ್ಸ್‌ಪಿಕೇಷಿಯಸ್, ಇಂಡಿಫ್ಯಾಟಿಗಬಲ್, ಮ್ಯಾಗ್ನಾನಿಮಸ್, ಇಂಟ್ರೆಪಿಡ್, ಒಂದನ್ನೂ ಬಿಡುವುದಿಲ್ಲ. ಇಂಟರ್ನಲ್ಸ್‌ನಲ್ಲಿ ಹದಿನಾಲ್ಕು ತೆಗೆದ ಹುಡುಗ ಸೂಕ್ಷ್ಮಮತಿ, ದಣಿವರಿಯದವನು, ಉದಾತ್ತ, ನಿರ್ಭೀತ ಎಲ್ಲವೂ ಆಗುತ್ತಾನೆ. ಕೊನೆಯ ಪ್ಯಾರಾದಲ್ಲಿ, ಈತನಲ್ಲಿ ನನ್ನನ್ನು ಅತಿಯಾಗಿ ಸೆಳೆದದ್ದು ಈತನ ವಿನಯ ಎಂದು ಈತನೇ ಬರೆಯುತ್ತಾನೆ. ಈಗ ಆ ಶ್ರಮವೂ ಇಲ್ಲ. ಚಾಟ್‌ಜಿಪಿಟಿಗೆ ಹೇಳಿದರೆ ಅರ್ಧ ನಿಮಿಷದಲ್ಲಿ ವಿನಯ ತಯಾರು. ಅಲ್ಲಿ ಅರ್ಜಿ ಓದುವವರೂ ಯಂತ್ರಕ್ಕೆ ಕೊಟ್ಟು ಸಾರಾಂಶ ಕೇಳಿದರೆ ವ್ಯವಹಾರ ಪೂರ್ತಿ ಚೊಕ್ಕಟ. ಅಂದಹಾಗೆ, ಯಾರಿಗೋಸ್ಕರ ಈ ಪದಗಳನ್ನೆಲ್ಲ ಉರು ಹೊಡೆದೆವೋ ಆ ಅಮೆರಿಕದವರ ಜಿಆರ್‌ಇ ಪರೀಕ್ಷೆಯಿಂದ ವಿರುದ್ಧಾರ್ಥಕಗಳನ್ನು 2011ರಲ್ಲೇ ತೆಗೆದುಹಾಕಿದ್ದಾರೆ. ಸುದ್ದಿ ನಮ್ಮ ಓಣಿಗಳಿಗೆ ತಲುಪಿದ್ದರೂ ಚಾರ್ಟ್ ಇಳಿದಿಲ್ಲ.

ದೊಡ್ಡ ಪದ ಬಿದ್ದ ಕೂಡಲೇ ವಿಷಯ ಸತ್ತುಹೋಗುತ್ತದೆ ಎಂಬುದಕ್ಕೆ ಶಶಿ ತರೂರ್ ಅವರ ಉದಾಹರಣೆ ಸಾಕು. 2017ರಲ್ಲಿ ತಮ್ಮ ಮೇಲೆ ಟಿವಿಯಲ್ಲಿ ಬಂದ ಆಪಾದನೆಗೆ ಅವರು ‘ಫರಾಗೋ’ ಎಂಬ ಪದ ಸೇರಿಸಿ ಒಂದು ಟ್ವೀಟ್ ಮಾಡಿದರು. ದೇಶವೇ ನಿಘಂಟಿಗೆ ಓಡಿತು. ಆಪಾದನೆ ಏನಿತ್ತು, ಉತ್ತರ ಸರಿಯಿತ್ತೇ ಎಂದು ಈಗ ಯಾರನ್ನಾದರೂ ಕೇಳಿ ನೋಡಿ. ಪದ ಒಂದೇ ನೆನಪಿನಲ್ಲಿ ಉಳಿದಿದೆ. ಮರುವರ್ಷ ಅವರು 29 ಅಕ್ಷರದ ಇನ್ನೊಂದು ಪದ ಕೊಟ್ಟರು. ಅದನ್ನು ಇಲ್ಲಿ ಬರೆದರೆ ಈ ಪುಟದ ಜೋಡಣೆ ಕೆಡುತ್ತದೆ.

ಇತ್ತೀಚೆಗೆ ಪದಗಳ ಗೋದಾಮಿಗೆ ಮನಃಶಾಸ್ತ್ರದ ಹೊಸ ಮಾಲು ಬಂದಿದೆ. 1938ರ ಪ್ಯಾಟ್ರಿಕ್ ಹ್ಯಾಮಿಲ್ಟನ್ ನಾಟಕವೊಂದರಲ್ಲಿ ಗಂಡನೊಬ್ಬ ಹೆಂಡತಿಯನ್ನು ಹುಚ್ಚಿಯೆಂದು ನಂಬಿಸಲು ಹೊರಡುತ್ತಾನೆ. ಮನೆಯ ಗ್ಯಾಸ್ ದೀಪ ಮಂಕಾಗುವುದು ಅವಳ ಭ್ರಮೆ ಎನ್ನುತ್ತಾನೆ. ಅಲ್ಲಿಂದ ಬಂದ ‘ಗ್ಯಾಸ್‌ಲೈಟಿಂಗ್’ 2022ರಲ್ಲಿ ಮೆರಿಯಮ್ ವೆಬ್‌ಸ್ಟರಿನ ವರ್ಷದ ಪದವಾಯಿತು. ಪದ ಹುಟ್ಟಿದ್ದು ನಿಜವಾದ ಕ್ರೌರ್ಯವೊಂದಕ್ಕೆ ಹೆಸರಿಡಲು. ಈಗ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ‘ನಿಮ್ಮ ಕಾರು ನಮ್ಮ ಸ್ಲಾಟಿನಲ್ಲಿದೆ’ ಎಂದರೆ ‘ಗ್ಯಾಸ್‌ಲೈಟ್ ಮಾಡಬೇಡಿ’ ಎಂಬ ಉತ್ತರ ಬರುತ್ತದೆ. ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದ ಅತ್ತೆ ಟಾಕ್ಸಿಕ್. ಉಪ್ಪಿನ ಡಬ್ಬಿಯನ್ನು ಸದ್ದು ಮಾಡಿ ಟೇಬಲಿನ ಮೇಲಿಟ್ಟ ಸೊಸೆ ಪ್ಯಾಸಿವ್ ಅಗ್ರೆಸಿವ್. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೇನೆಯ ವೈದ್ಯರು ಆಜ್ಞೆ ಪಾಲಿಸದೆ ಮೊಂಡು ಹಿಡಿದ ಸಿಪಾಯಿಗಳಿಗೆ ಬಳಸಿದ ಪದ, ಬಸವನಗುಡಿಯ ಅಡುಗೆಮನೆಗೆ ಬಂದು ಇಳಿದಿದೆ. ಇಬ್ಬರ ನಡುವೆ ಸಿಕ್ಕ ಮಗ ನಾನು ಆಂಬಿವರ್ಟ್ ಎಂದು ಹೇಳಿ ಬಾಲ್ಕನಿಗೆ ಹೋಗುತ್ತಾನೆ. ರೋಗದ ಹೆಸರು ಎಲ್ಲರಿಗೂ ಸಿಕ್ಕಿದೆ, ಉಪ್ಪು ಎಷ್ಟು ಹಾಕಬೇಕು ಎಂಬ ಮಾತುಕತೆ ನಿಂತುಹೋಗಿದೆ.

ಆದ್ದರಿಂದ ಈ ಮಾರ್ಚ್‌ನಲ್ಲಿ ಫಾರಂ ತುಂಬಲು ಕೂರುವ ಮ್ಯಾನೇಜರುಗಳಲ್ಲಿ, ಮುಖ್ಯೋಪಾಧ್ಯಾಯರಲ್ಲಿ, ಹಸಿರು ಇಂಕಿನ ಸಾಹೇಬರಲ್ಲಿ ಒಂದು ಕೋರಿಕೆ. ಗುಣವಾಚಕದ ಕಾಲಂ ಖಾಲಿ ಬಿಡಿ. ಅಲ್ಲಿ ಆ ಮನುಷ್ಯ ಮಾಡಿದ ಒಂದು ಕೆಲಸ ಬರೆಯಿರಿ, ದಿನಾಂಕದ ಸಮೇತ. ಆಗಸ್ಟ್‌ನಲ್ಲಿ ಸರ್ವರ್ ಬಿದ್ದ ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿದ್ದು ಈಕೆಯೊಬ್ಬಳೇ. ನೆರೆ ಬಂದ ವಾರ ಈತ ಕಡತಗಳನ್ನು ಮೇಲಿನ ಅಟ್ಟಕ್ಕೆ ಹೊತ್ತು ಹಾಕಿದ. ಈತ ಜೂನ್‌ನಿಂದ ಡಿಸೆಂಬರ್‌ವರೆಗೆ ಒಂದೂ ಅರ್ಜಿ ವಿಲೇವಾರಿ ಮಾಡಿಲ್ಲ. ಅಂಥದೊಂದು ಕೆಲಸವೂ ನೆನಪಿಗೆ ಬಾರದಿದ್ದರೆ ‘ಈ ವ್ಯಕ್ತಿಯನ್ನು ನಾನು ಗಮನಿಸಿಲ್ಲ’ ಎಂದು ಬರೆದು ರುಜು ಹಾಕಿ. ಇದು ಎಷ್ಟನೆಯ ರೇಟಿಂಗಿಗೆ ಸಮ ಎಂದು ಎಚ್‌ಆರ್‌ನವರು ಖಂಡಿತ ಕೇಳುತ್ತಾರೆ. ಹುಡುಕಿಕೊಳ್ಳಲಿ ಬಿಡಿ, ಅವರಿಗೆ ಸಂಬಳ ಕೊಡುವುದು ಅದಕ್ಕೇ.